‘ಸೇವೆಗಾಗಿ ಧನ್ಯವಾದಗಳು’ ಎಂದರೆ ಕೆಲಸದಿಂದ ತೆಗೆದಂತೆಯೇ?

ಉತ್ತರಹಳ್ಳಿ ನಿವಾಸಿ
ಭಾನುವಾರ, ಬೆಳಿಗ್ಗೆ 8:50

ನಾವಿರುವ ವಸತಿ ಸಮುಚ್ಚಯದಲ್ಲಿ ಈ ಸಲದ ರಾಜ್ಯೋತ್ಸವಕ್ಕೆ ಕಾವಲುಗಾರರು, ಮಾಲಿಗಳು ಮತ್ತು ಕಸ ತೆಗೆಯುವವರನ್ನು ನೆನೆದು ಗೇಟಿನ ಬಳಿ ಒಂದು ಫಲಕ ಹಾಕಿಸಬೇಕೆಂದು ಸಮಿತಿಯವರು ತೀರ್ಮಾನಿಸಿದರು. ಕನ್ನಡ ಬರೆಯಲು ಬರುತ್ತದೆ ಎಂಬ ಒಂದೇ ತಪ್ಪಿಗೆ ಆ ಕೆಲಸ ನನ್ನ ಪಾಲಿಗೆ ಬಂತು. ನಾನೂ ಹೆಚ್ಚು ಯೋಚಿಸದೆ ‘ನಿಮ್ಮ ಸೇವೆಗಾಗಿ ಧನ್ಯವಾದಗಳು’ ಎಂದು ಬರೆದುಕೊಟ್ಟೆ. ಅಕ್ಟೋಬರ್ 31ರ ಸಂಜೆಯೇ ಫಲಕ ಹಳದಿ ಕೆಂಪು ಬಣ್ಣದಲ್ಲಿ ಎದ್ದು ನಿಂತಿತು.

ಮರುದಿನ ಬೆಳಿಗ್ಗೆ ಹಾಲಿಗೆಂದು ಕೆಳಗಿಳಿದಾಗ ಗೇಟಿನಲ್ಲಿದ್ದ ಕಾವಲುಗಾರರು ಕುರ್ಚಿಯಿಂದ ಎದ್ದು ಬಂದು, ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ‘ಸಾರ್, ನಮ್ಮನ್ನೇನಾದ್ರೂ ತೆಗೀತಾವ್ರಾ?’ ಎಂದು ಕೇಳಿದರು. ಅವರು ಮಳವಳ್ಳಿ ಕಡೆಯವರು, ಆರು ವರ್ಷದಿಂದ ನಮ್ಮಲ್ಲೇ ಇದ್ದಾರೆ, ಕನ್ನಡವನ್ನು ನನಗಿಂತ ಚೆನ್ನಾಗಿ ಆಡುತ್ತಾರೆ. ಏಕೆ ಹಾಗೆ ಕೇಳುತ್ತೀರಿ ಎಂದದ್ದಕ್ಕೆ ಫಲಕದತ್ತ ಕೈ ತೋರಿಸಿ, ‘ಸೇವೆಗೆ ಧನ್ಯವಾದ ಅಂತ ಹಾಕವ್ರಲ್ಲ ಸಾರ್, ರಿಟೈರಾದೋರ್ಗೆ ಹಾರ ಹಾಕ್ದಾಗ ಹಂಗೇ ಅಲ್ವಾ ಹೇಳೋದು’ ಎಂದರು.

ನಗಬೇಕೋ ನಾಚಬೇಕೋ ತಿಳಿಯಲಿಲ್ಲ. ಅವರ ಭಯ ಹೋಗಲಾಡಿಸಿ ಮನೆಗೆ ಬಂದೆನಾದರೂ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಉಪಕಾರ ನೆನೆಯುವ ಮಾತು ಬೀಳ್ಕೊಡುಗೆಯ ಮಾತಾಗಿ ಕೇಳಿಸಿದ್ದೇಕೆ? ಫಲಕವನ್ನು ತಿದ್ದಿಸುವುದಾದರೆ ಅದರ ಮೇಲೆ ಏನು ಬರೆಸಬೇಕು?


ನಿವೃತ್ತ ಮೇಷ್ಟ್ರು, ಹನುಮಂತನಗರ
ಭಾನುವಾರ, ಬೆಳಿಗ್ಗೆ 10:15

ನಿಮ್ಮ ಕಾವಲುಗಾರರ ಕಿವಿ ಸರಿಯಾಗಿಯೇ ಇದೆ. ನಮ್ಮಲ್ಲಿ ಯಾವುದೇ ಸಭೆಯ ಆಹ್ವಾನ ಪತ್ರಿಕೆ ತೆಗೆದು ನೋಡಿದರೂ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಅಧ್ಯಕ್ಷರ ಭಾಷಣ ಎಲ್ಲವೂ ಮುಗಿದ ಮೇಲೆ ಕಟ್ಟಕಡೆಗೆ ವಂದನಾರ್ಪಣೆ ಬರುತ್ತದೆ. ವಂದನಾರ್ಪಣೆ ಮಾಡುವವರು ಮೈಕಿನ ಮುಂದೆ ಬಂದರೆಂದರೆ ಹಿಂದಿನ ಸಾಲಿನವರು ಚಪ್ಪಲಿ ಹುಡುಕಲು ಶುರುಮಾಡುತ್ತಾರೆ. ಊರುಗಳ ಗಡಿಯಲ್ಲಿರುವ ಕಮಾನು ಫಲಕಗಳನ್ನು ನೋಡಿರಬಹುದು. ಒಳಗೆ ಬರುವವರಿಗೆ ಒಂದು ಮಗ್ಗುಲಲ್ಲಿ ‘ಸುಸ್ವಾಗತ’, ಹೊರಗೆ ಹೋಗುವವರಿಗೆ ಇನ್ನೊಂದು ಮಗ್ಗುಲಲ್ಲಿ ‘ವಂದನೆಗಳು’. ಹೀಗೆ ನೋಡಿ ನೋಡಿ ಈ ಮಾತುಗಳಿಗೆ ‘ಇಲ್ಲಿಗೆ ಮುಗಿಯಿತು’ ಎಂಬ ಅರ್ಥ ಅಂಟಿಕೊಂಡಿದೆ. ನೀವು ಅದನ್ನು ಗೇಟಿನ ಪಕ್ಕದಲ್ಲೇ ನಿಲ್ಲಿಸಿದಿರಿ!

ಪದದ ಹುಟ್ಟನ್ನೂ ಸ್ವಲ್ಪ ನೋಡೋಣ. ಧನ್ಯ ಎಂದರೆ ಭಾಗ್ಯವಂತ, ವಾದ ಎಂದರೆ ನುಡಿ. ‘ನೀನು ಧನ್ಯ’ ಎಂದು ಹೊಗಳುವ ಮಾತದು. ಉಪಕಾರ ಪಡೆದವನು ತಾನು ಧನ್ಯನಾದೆ ಎನ್ನುವುದನ್ನು ಬಿಟ್ಟು, ಮಾಡಿದವನನ್ನೇ ಧನ್ಯನೆಂದು ಕರೆಯುವ ರೀತಿ ನನಗೆ ಮೊದಲಿನಿಂದಲೂ ವಿಚಿತ್ರವೆನಿಸಿದೆ. ಕೃತಜ್ಞತೆ ಎಂಬುದು ಅದಕ್ಕಿಂತ ಒಳ್ಳೆಯ ಪದ, ಏಕೆಂದರೆ ಅದರಲ್ಲಿ ‘ಮಾಡಿದ್ದನ್ನು ಅರಿತಿರುವುದು’ ಎಂಬ ಅರ್ಥ ನೇರವಾಗಿ ಇದೆ. ಆದರೆ ಅದು ಪುಸ್ತಕದ ಮೊದಲ ಪುಟ ಮತ್ತು ಸಿನಿಮಾದ ಹೆಸರು ಪಟ್ಟಿಯನ್ನು ಬಿಟ್ಟು ಬೀದಿಗೆ ಇಳಿಯಲೇ ಇಲ್ಲ.


ಅನುವಾದವೇ ಹೊಟ್ಟೆಪಾಡು, ಬೆಳ್ಳಂದೂರು
ಭಾನುವಾರ, ಬೆಳಿಗ್ಗೆ 11:02

ಮೊಬೈಲ್ ಆ್ಯಪ್‌ಗಳ ಕನ್ನಡ ಬರಹವನ್ನು ಸಿದ್ಧಪಡಿಸುವುದು ನನ್ನ ವೃತ್ತಿ. ಅಲ್ಲಿ ಇಂಗ್ಲಿಷಿನವರು ಪ್ರತಿ ಗುಂಡಿ ಒತ್ತಿದಾಗಲೂ ಒಂದು ಥ್ಯಾಂಕ್ಸ್ ಹೇಳುತ್ತಾರೆ, ನಾವು ಅಷ್ಟೇ ಸಲ ‘ಧನ್ಯವಾದಗಳು’ ಎಂದು ತುಂಬಬೇಕಾಗುತ್ತದೆ. ಹಣ ಕಟ್ಟಿದರೆ ಧನ್ಯವಾದಗಳು, ದೂರು ಕೊಟ್ಟರೆ ಧನ್ಯವಾದಗಳು, ಕಾಯುತ್ತಿರುವುದಕ್ಕೆ ಧನ್ಯವಾದಗಳು. ಅದಕ್ಕಿಂತ ಹೆಚ್ಚಿನ ಫಜೀತಿ ಅದರ ಉತ್ತರದ್ದು. ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಅಂದವರಿಗೆ ವೆಲ್ಕಮ್ ಅನ್ನುತ್ತಾರೆಂದು ಯಂತ್ರವು ‘ನಿಮಗೆ ಸ್ವಾಗತ’ ಎಂದು ಬರೆದಿಟ್ಟಿರುತ್ತದೆ. ಮೇಷ್ಟ್ರು ಹೇಳಿದ ಊರ ಕಮಾನಿನ ಎರಡು ಮಗ್ಗುಲೂ ಒಂದೇ ಮಾತುಕತೆಯೊಳಗೆ ಬಂದಂತಾಯಿತು.

ನಾನು ಅದನ್ನು ಕಂಡಲ್ಲೆಲ್ಲ ಹೊಡೆದುಹಾಕಿ ‘ಪರವಾಗಿಲ್ಲ’ ಎಂದು ಬರೆಯುತ್ತೇನೆ. ಆದರೆ ಆ ಪದಕ್ಕೂ ತನ್ನದೇ ತುಂಟತನವಿದೆ. ದೋಸೆ ಹೇಗಿದೆ ಎಂದು ಕೇಳಿದಾಗ ‘ಪರವಾಗಿಲ್ಲ’ ಎಂದರೆ ಹೋಟೆಲಿನವರ ಮುಖ ಸಪ್ಪಗಾಗುತ್ತದೆ.

ಇನ್ನೊಂದು ಸಂದೇಹ ಮೇಷ್ಟ್ರಿಗೆ. ‘ಧನ್ಯವಾದ’ ಎಂದು ಏಕವಚನದಲ್ಲಿ ಬರೆಯಬೇಕೋ, ‘ಧನ್ಯವಾದಗಳು’ ಎಂದೋ? ಥ್ಯಾಂಕ್ಸ್ ಎಂಬುದರ ಬಹುವಚನವನ್ನು ನಾವು ಹಾಗೆಯೇ ಎತ್ತಿಕೊಂಡೆವೆಂದು ನಮ್ಮ ಕಚೇರಿಯಲ್ಲಿ ಒಬ್ಬರು ವಾದಿಸುತ್ತಾರೆ.


ನಿವೃತ್ತ ಮೇಷ್ಟ್ರು, ಹನುಮಂತನಗರ
ಭಾನುವಾರ, ಮಧ್ಯಾಹ್ನ 12:40

ಎರಡೂ ಸರಿಯೇ. ಬಹುವಚನಕ್ಕೆ ಇಂಗ್ಲಿಷಿನ ತನಕ ಹೋಗಬೇಕಾಗಿಲ್ಲ. ನಾವು ಹುಡುಗರಾಗಿದ್ದಾಗ ಬರೆಯುತ್ತಿದ್ದ ಕಾಗದಗಳಲ್ಲಿ ತೀರ್ಥರೂಪರಿಗೆ ಶಿರಸಾಷ್ಟಾಂಗ ನಮಸ್ಕಾರಗಳು, ಚಿರಂಜೀವಿಗೆ ಆಶೀರ್ವಾದಗಳು, ಆಮೇಲೆ ‘ಕ್ಷೇಮ, ಉಭಯಕುಶಲೋಪರಿ ಸಾಂಪ್ರತ’ ಎಂದು ಇರುತ್ತಿತ್ತು. ಗೌರವವನ್ನು ಬಹುವಚನದಲ್ಲಿ ಸಲ್ಲಿಸುವುದು ನಮ್ಮ ರೂಢಿ. ತೆಲುಗಿನವರೂ ‘ಧನ್ಯವಾದಾಲು’ ಎನ್ನುತ್ತಾರೆ.

ಆ ಕಾಗದಗಳ ವಿಷಯ ಬಂದದ್ದರಿಂದ ಒಂದು ಮಾತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ತಿಂಗಳಿಗೊಮ್ಮೆ ಊರಿಗೆ ಮನಿಯಾರ್ಡರ್ ಮಾಡುತ್ತಿದ್ದೆ. ನಮ್ಮ ತಂದೆಯವರ ಉತ್ತರದಲ್ಲಿ ‘ನೀನು ಕಳುಹಿಸಿದ ಹಣ ತಲುಪಿ ಸಂತೋಷವಾಯಿತು’ ಎಂಬ ಒಂದು ಸಾಲಿರುತ್ತಿತ್ತು, ಅದರ ಮುಂದೆ ಮಳೆ, ಬೆಳೆ, ಹಸುವಿನ ಸಮಾಚಾರ. ಅವರು ಒಮ್ಮೆಯೂ ನನಗೆ ಧನ್ಯವಾದ ಹೇಳಲಿಲ್ಲ. ಹೇಳಿದ್ದರೆ ನಾನು ಗಾಬರಿಯಾಗಿ ಮುಂದಿನ ಬಸ್ಸಿಗೇ ಊರಿಗೆ ಹೊರಡುತ್ತಿದ್ದೆ.


ಹುಬ್ಬಳ್ಳಿಯಿಂದ ಬಂದವನು, ರಾಜಾಜಿನಗರ
ಭಾನುವಾರ, ಮಧ್ಯಾಹ್ನ 3:20

ನಮ್ಮ ಕಡೆ ಯಾರಾದರೂ ಕೈಹಿಡಿದರೆ ‘ಭಾಳ ಚಲೋ ಆತ್ರಿ’ ಎನ್ನುತ್ತೇವೆ, ಹಿರಿಯರಾದರೆ ‘ಶರಣ್ರಿ’ ಎಂದು ಕೈ ಮುಗಿಯುತ್ತೇವೆ, ಅಲ್ಲಿಗೆ ಆಯಿತು. ಬೆಂಗಳೂರಿಗೆ ಬಂದ ಮೊದಲ ವಾರ ಆಟೋ ಇಳಿದು ‘ಧನ್ಯವಾದಗಳು’ ಎಂದೆ. ಚಾಲಕರು ಮೀಟರು ತಿರುಗಿಸುವುದನ್ನು ನಿಲ್ಲಿಸಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ‘ಮೇಷ್ಟ್ರಾ ಸಾರ್?’ ಎಂದು ಕೇಳಿದರು. (ಹನುಮಂತನಗರದವರು ಕ್ಷಮಿಸಬೇಕು.) ಅಂದಿನಿಂದ ‘ಆಯ್ತಣ್ಣ, ಬರ್ತೀನಿ’ ಎನ್ನುತ್ತೇನೆ.

ಇದರಲ್ಲಿ ನನಗೆ ಕಂಡದ್ದೇನೆಂದರೆ, ನಮ್ಮ ಮಾತಿನಲ್ಲಿ ಉಪಕಾರಸ್ಮರಣೆಯ ಕೆಲಸವನ್ನು ಬಹುಪಾಲು ಆ ‘ಅಣ್ಣ’ನೇ ಮಾಡುತ್ತಾನೆ. ‘ಥ್ಯಾಂಕ್ಸ್’ ಎಂದು ಬರಿದಾಗಿ ಹೇಳಿದರೆ ವ್ಯವಹಾರ, ‘ಥ್ಯಾಂಕ್ಸ್ ಅಣ್ಣ’ ಎಂದರೆ ಬಾಂಧವ್ಯ. ‘ದಯವಿಟ್ಟು’ ಎಂಬುದನ್ನೂ ನಾವು ಹೀಗೆಯೇ ಪಕ್ಕಕ್ಕಿಟ್ಟಿದ್ದೇವೆ. ಬಸ್ಸಿನಲ್ಲಿ ‘ಸ್ವಲ್ಪ ಸರೀರಿ’ ಎಂದಾಗ ಅಲ್ಲಿ ‘ಸ್ವಲ್ಪ’ ಎಂಬುದು ಅಳತೆಯಲ್ಲ, ಅದೇ ವಿನಯ.


ನನ್ನಿ ಬಳಗ, ಮಲ್ಲೇಶ್ವರ
ಭಾನುವಾರ, ಸಂಜೆ 4:05

ಸಂಸ್ಕೃತದ ಭಾರವೂ ಬೇಡ, ಇಂಗ್ಲಿಷಿನ ಹಂಗೂ ಬೇಡ. ‘ನನ್ನಿ’ ಎಂಬ ಅಚ್ಚಗನ್ನಡದ ಪದವನ್ನು ಬಳಸೋಣ. ತಮಿಳಿನಲ್ಲಿ ನನ್ರಿ ಇದೆ, ಮಲಯಾಳದಲ್ಲಿ ನಂದಿ ಇದೆ, ನಮಗೇಕೆ ನಾಚಿಕೆ? ನಾನು ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಮೆಟ್ರೊ ನಿಲ್ದಾಣದಲ್ಲಿ ಹೀಗೆಯೇ ಹೇಳುತ್ತೇನೆ. ಮೊದಮೊದಲು ಜನ ನಗುತ್ತಾರೆ, ಆಮೇಲೆ ರೂಢಿಯಾಗುತ್ತದೆ.


ನಿವೃತ್ತ ಮೇಷ್ಟ್ರು, ಹನುಮಂತನಗರ
ಭಾನುವಾರ, ಸಂಜೆ 4:50

ನಿಮ್ಮ ಉತ್ಸಾಹಕ್ಕೆ ನನ್ನ ತಕರಾರಿಲ್ಲ. ಆದರೆ ಹಳಗನ್ನಡದಲ್ಲಿ ನನ್ನಿ ಎಂದರೆ ಸತ್ಯ, ದಿಟ. ಗಂಗ ಅರಸರಲ್ಲಿ ‘ನನ್ನಿಯ ಗಂಗ’ ಎಂಬ ಬಿರುದಿತ್ತು. ಸತ್ಯವಂತನಾದ ಗಂಗ ಎಂದು ಅದರ ಭಾವ. ಪದಗಳಿಗೆ ಹೊಸ ಅರ್ಥ ಬರಬಾರದೆಂದೇನೂ ಇಲ್ಲ. ಆದರೆ ಫಲಕದ ಮೇಲೆ ‘ನಿಮ್ಮ ಸೇವೆಗೆ ನನ್ನಿ’ ಎಂದು ಬರೆಸಿದರೆ, ಮಳವಳ್ಳಿಯವರು ಈ ಸಲ ಕೆಲಸ ಹೋಯಿತೇ ಎಂದು ಕೇಳುವುದಿಲ್ಲ, ಬರೆದವರಿಗೆ ಏನಾಯಿತು ಎಂದು ಕೇಳುತ್ತಾರೆ.


ಕೊಂಕಣಿ ಮನೆಮಾತಿನವಳು, ಫ್ರೇಜರ್ ಟೌನ್
ಭಾನುವಾರ, ಸಂಜೆ 6:30

ಮಂಗಳೂರಿನ ನಮ್ಮ ಮನೆಗಳಲ್ಲಿ ಉಪಕಾರ ಪಡೆದಾಗ ‘ದೇವ್ ಬರೆಂ ಕರುಂ’ ಎನ್ನುತ್ತೇವೆ, ದೇವರು ಒಳ್ಳೆಯದನ್ನು ಮಾಡಲಿ ಎಂದು ಅದರ ಅರ್ಥ. ತುಳುವಿನಲ್ಲಿ ‘ಸೊಲ್ಮೆಲು’ ಇದೆ. ಕನ್ನಡದಲ್ಲಿ ಇಂಥ ಮಾತೇ ಇಲ್ಲವೇನೋ ಎಂದುಕೊಂಡಿದ್ದೆ. ಆದರೆ ಕಳೆದ ವರ್ಷ ರಸಲ್ ಮಾರ್ಕೆಟ್ಟಿನ ಬಳಿ ಒಬ್ಬ ಅಜ್ಜಿಯ ಸೊಪ್ಪಿನ ಮೂಟೆಯನ್ನು ಆಟೋಗೆ ಎತ್ತಿಕೊಟ್ಟಾಗ ಅವರು ನನ್ನ ಗಲ್ಲ ಮುಟ್ಟಿ, ‘ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣವ್ವ’ ಎಂದರು. ಅದು ನಮ್ಮ ಕೊಂಕಣಿಯ ಮಾತಿನಂತೆಯೇ ಕೇಳಿಸಿತು. ಆದದ್ದಕ್ಕೆ ರಸೀದಿ ಕೊಡದೆ, ಮುಂದೆ ಆಗಬೇಕಾದ ಒಳಿತನ್ನು ಹಾರೈಸುವುದು. ‘ಪುಣ್ಯ ಬರಲಿ’, ‘ನಾಲ್ಕು ಕಾಲ ಚೆನ್ನಾಗಿರು’, ಊಟವಾದ ಮೇಲೆ ಕೆಲವರು ಹೇಳುವ ‘ಅನ್ನದಾತಾ ಸುಖೀಭವ’, ಎಲ್ಲವೂ ಆ ಜಾತಿಯವೇ. ಫಲಕಕ್ಕೆ ಇಂಥ ಒಂದು ಹಾರೈಕೆ ಒಪ್ಪುತ್ತದೆ ಎನಿಸುತ್ತದೆ.


ಗೊರಗುಂಟೆಪಾಳ್ಯದ ಹುಡುಗ
ಭಾನುವಾರ, ರಾತ್ರಿ 9:15

ಬೆಳಗಿನಿಂದ ಎಲ್ಲರೂ ಬರೆದದ್ದನ್ನು ಓದಿದೆ. ಎಲ್ಲವೂ ಚೆನ್ನಾಗಿದೆ, ಆದರೆ ಒಂದು ಮಾತನ್ನು ಯಾರೂ ಎತ್ತಿಲ್ಲವಾದ್ದರಿಂದ ನಾನೇ ಎತ್ತುತ್ತೇನೆ. ನಮ್ಮಮ್ಮ ಇಪ್ಪತ್ತೆರಡು ವರ್ಷ ಮನೆಗೆಲಸ ಮಾಡಿದವರು. ದಿನಕ್ಕೆ ನಾಲ್ಕು ಮನೆ, ಕೆಲವು ಸಲ ಐದು. ಚಿಕ್ಕವನಿದ್ದಾಗ ಶಾಲೆಗೆ ರಜೆ ಬಂದರೆ ನಾನೂ ಜೊತೆಗೆ ಹೋಗಿ ಹಿತ್ತಿಲ ಬಾಗಿಲಲ್ಲಿ ಕೂತಿರುತ್ತಿದ್ದೆ. ಆ ಮನೆಗಳಲ್ಲಿ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ನಮ್ಮಮ್ಮನಿಗೆ ಯಾರೂ ಹೇಳಿದ್ದು ನಾನು ಕೇಳಿಲ್ಲ. ಹೊಟ್ಟೆ ತಣ್ಣಗಿರಲಿ ಎಂದು ನಮ್ಮಮ್ಮನೇ ಅವರಿಗೆ ಹೇಳುತ್ತಿದ್ದರು, ಹಬ್ಬದ ಮಾರನೆಯ ದಿನ ಮಿಕ್ಕ ಒಬ್ಬಟ್ಟನ್ನು ಕಟ್ಟಿಕೊಟ್ಟಾಗ. ಈ ಹಾರೈಕೆಗಳೆಲ್ಲ ಕೆಳಗಿನಿಂದ ಮೇಲಕ್ಕೆ ಹೋಗುತ್ತವೆ, ಇಲ್ಲವೇ ಹಿರಿಯರಿಂದ ಕಿರಿಯರಿಗೆ ಬರುತ್ತವೆ. ಕೂಲಿ ಕೊಡುವವರಿಂದ ಕೆಲಸದವರಿಗೆ ಬರುವ ಮಾತು ಯಾವುದು? ‘ಆಯ್ತು, ನಾಳೆ ಬೇಗ ಬಾ’ ಎಂಬುದು.

ಆ ಮನೆಗಳಲ್ಲಿ ಒಂದರಲ್ಲಿ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳಿದ್ದಳು. ಅವಳು ಕಾಫಿ ಲೋಟ ತೆಗೆದುಕೊಳ್ಳುವಾಗಲೂ ಥ್ಯಾಂಕ್ಸ್ ಆಂಟಿ ಎನ್ನುತ್ತಿದ್ದಳು. ನಮ್ಮಮ್ಮನಿಗೆ ಆಗ ಇಂಗ್ಲಿಷ್ ಗೊತ್ತಿರಲಿಲ್ಲ, ಆದರೆ ಮನೆಗೆ ಬಂದು ಆ ಮಾತನ್ನು ಹೇಳಿ ತೋರಿಸುತ್ತಿದ್ದರು. ಈಗ ಆ ಮನೆಯ ದಾರಿಯನ್ನು ಮರೆತಿದ್ದಾರೆ, ಆ ಹುಡುಗಿಯನ್ನು ಮರೆತಿಲ್ಲ. ಕನ್ನಡದಲ್ಲಿ ಕೃತಜ್ಞತೆ ಮಾತಿನ ಒಳಗೆ ಅಡಗಿರುತ್ತದೆ, ಬಾಯಿಬಿಟ್ಟು ಹೇಳುವ ಅಗತ್ಯವಿಲ್ಲ ಎನ್ನುವುದು ತಂದೆ ಮಗನ ನಡುವೆ ನಿಜವಿರಬಹುದು. ಹೊರಗಿನವರ ವಿಷಯದಲ್ಲಿ ಅದು ಬಾಯಿ ಮುಚ್ಚಿಕೊಂಡಿರುವುದಕ್ಕೆ ಸಿಕ್ಕಿದ ಒಂದು ಚೆಂದದ ನೆಪ. ನಾನು ಈಗ ಮನೆಮನೆಗೆ ಪಾರ್ಸೆಲ್ ತಲುಪಿಸುವ ಕೆಲಸದಲ್ಲಿದ್ದೇನೆ. ನಾಲ್ಕನೆಯ ಮಹಡಿ ಹತ್ತಿ ಹೋದಾಗ ಬಾಗಿಲು ಅರ್ಧ ತೆರೆದು ಪೊಟ್ಟಣವನ್ನು ಒಳಗೆಳೆದುಕೊಂಡು ಮುಚ್ಚಿಬಿಡುವವರಿಗಿಂತ, ಯಾವ ಭಾಷೆಯಲ್ಲಾದರೂ ಸರಿ, ಒಂದು ಮಾತು ಹೇಳುವವರೇ ನನಗೆ ಬೇಕು.


ಹುಬ್ಬಳ್ಳಿಯಿಂದ ಬಂದವನು, ರಾಜಾಜಿನಗರ
ಭಾನುವಾರ, ರಾತ್ರಿ 9:50

ಒಪ್ಪಿದೆ. ನಾನು ಬರೆದ ‘ಅಣ್ಣ’ನ ಮಾತನ್ನು ಅರ್ಧಕ್ಕೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವರನ್ನು ‘ಅಕ್ಕಾ’ ಎಂದೇ ಕರೆಯುತ್ತೇವೆ, ಆದರೆ ಅವರ ಲೋಟ ಬೇರೆ ಇದೆ. ಇಷ್ಟು ದಿನ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.


ಕಂಡಕ್ಟರ್ ಮಗಳು, ಯಶವಂತಪುರ
ಸೋಮವಾರ, ಬೆಳಿಗ್ಗೆ 7:30

ನಮ್ಮಪ್ಪ ಬಿಎಂಟಿಸಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಮೆಜೆಸ್ಟಿಕ್ಕಿನಿಂದ ಹೊರಟ ಬಸ್ಸಿನಲ್ಲಿ ದಿನಕ್ಕೆ ನೂರಾರು ಟಿಕೆಟ್ ಹರಿದುಕೊಟ್ಟರೂ ಧನ್ಯವಾದ ಎಂದವರು ಬೆರಳೆಣಿಕೆಯಷ್ಟು ಎನ್ನುತ್ತಿದ್ದರು. ಅದರ ಬಗ್ಗೆ ಅವರಿಗೆ ಬೇಸರವೂ ಇರಲಿಲ್ಲ. ಅವರಿಗೆ ಖುಷಿಯಾಗುತ್ತಿದ್ದದ್ದು ಯಾರಾದರೂ ಸರಿಯಾದ ಚಿಲ್ಲರೆ ಕೊಟ್ಟರೆ. ಇಳಿಯುವಾಗ ಯಾರಾದರೂ ಮುದುಕರು ‘ನಿಧಾನಕ್ಕೆ ಇಳಿಸ್ದೆ ಕಣಪ್ಪ’ ಎಂದರೆ ರಾತ್ರಿ ಊಟಕ್ಕೆ ಕೂತಾಗ ಅದನ್ನು ನಮಗೆ ಹೇಳುತ್ತಿದ್ದರು. ಗಮನಿಸಿ, ಆ ಮುದುಕರು ಅಪ್ಪ ಮಾಡಿದ ಕೆಲಸವನ್ನು ಹೆಸರಿಟ್ಟು ಹೇಳಿದರು, ಅಷ್ಟೇ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಾನು ಶೂನ್ಯ ಟಿಕೆಟ್ಟಿನಲ್ಲಿ ಓಡಾಡುತ್ತೇನೆ. ಮೊದಲು ಹಣ ಕೊಟ್ಟು ಟಿಕೆಟ್ ಪಡೆಯುವಾಗ ಸುಮ್ಮನಿರುತ್ತಿದ್ದ ನಾನು, ಹಣ ಕೊಡದೆ ಟಿಕೆಟ್ ಪಡೆಯುವಾಗ ಏನಾದರೂ ಹೇಳಬೇಕೆಂದು ಚಡಪಡಿಸತೊಡಗಿದೆ. ಕೊನೆಗೆ ‘ಥ್ಯಾಂಕ್ಸ್ ಸರ್’ ರೂಢಿಯಾಯಿತು. ಯೋಜನೆಗೋ, ಕಂಡಕ್ಟರಿಗೋ, ತೀರಿಹೋದ ನಮ್ಮಪ್ಪನಿಗೋ, ಯಾರಿಗೆ ಹೇಳುತ್ತೇನೆಂದು ನನಗೇ ಸ್ಪಷ್ಟವಿಲ್ಲ. ಫಲಕದ ವಿಷಯದಲ್ಲಿ ನನ್ನ ಸಲಹೆ ಇಷ್ಟೇ: ‘ಸೇವೆ’ ಎಂಬ ದೊಡ್ಡ ಪದವನ್ನು ಬಿಡಿ, ಅವರು ಮಾಡುವ ಕೆಲಸವನ್ನು ಹೇಳಿ. ರಾತ್ರಿಯಿಡೀ ಎಚ್ಚರವಿರುವವರು, ಹಸಿ ಕಸ ಒಣ ಕಸ ಬೇರೆ ಮಾಡುವವರು, ಹೀಗೆ.


ಅನುವಾದವೇ ಹೊಟ್ಟೆಪಾಡು, ಬೆಳ್ಳಂದೂರು
ಸೋಮವಾರ, ಬೆಳಿಗ್ಗೆ 9:10

ಯಶವಂತಪುರದವರ ಮಾತು ನನ್ನ ಕೆಲಸಕ್ಕೂ ಒದಗಿತು. ಇಂದು ಒಂದು ಕಡೆ ‘ಪಾವತಿಗಾಗಿ ಧನ್ಯವಾದಗಳು’ ಎಂದು ಇದ್ದುದನ್ನು ‘ನಿಮ್ಮ ಹಣ ತಲುಪಿತು’ ಎಂದು ಬದಲಿಸಿದ್ದೇನೆ. ಮೇಷ್ಟ್ರ ತಂದೆಯವರ ಕಾಗದದಿಂದ ಕದ್ದದ್ದು. ‘ಸಂತೋಷವಾಯಿತು’ ಎಂಬುದನ್ನೂ ಸೇರಿಸುವ ಆಸೆಯಿತ್ತು, ಮೇಲಿನವರು ಒಪ್ಪಲಿಲ್ಲ.


ಉತ್ತರಹಳ್ಳಿ ನಿವಾಸಿ
ಸೋಮವಾರ, ರಾತ್ರಿ 8:40

ಇಷ್ಟೆಲ್ಲ ಓದಿದ ಮೇಲೆ, ಫಲಕ ಯಾರಿಗಾಗಿಯೋ ಅವರನ್ನೇ ಕೇಳದೆ ನಾವು ಚರ್ಚಿಸುತ್ತಿದ್ದೇವಲ್ಲ ಎನಿಸಿತು. ಸಂಜೆ ಕೆಳಗಿಳಿದು ಮಳವಳ್ಳಿಯವರ ಪಕ್ಕದ ಕುರ್ಚಿಯಲ್ಲಿ ಕುಳಿತು ವಿಷಯ ತಿಳಿಸಿದೆ. ಹಾರೈಕೆಯ ಮಾತು, ಕೆಲಸದ ವಿವರ, ಎಲ್ಲವನ್ನೂ ಓದಿ ಹೇಳಿದೆ. ಅವರು ಎಲ್ಲದಕ್ಕೂ ‘ಚೆನ್ನಾಗೈತೆ ಸಾರ್’ ಎಂದರು. ನಿಮಗೆ ಏನು ಬೇಕು ಎಂದು ಒತ್ತಾಯಿಸಿದಾಗ ಸ್ವಲ್ಪ ಹೊತ್ತು ಗೇಟಿನತ್ತ ನೋಡಿ, ‘ಹೆಸ್ರು ಹಾಕ್ಸಿ ಸಾರ್’ ಎಂದರು.

ಹೆಸರುಗಳನ್ನು ಬರೆದುಕೊಳ್ಳಲು ಹೊರಟಾಗ ನನ್ನ ಬಂಡವಾಳ ಬಯಲಾಯಿತು. ಒಟ್ಟು ಹನ್ನೊಂದು ಮಂದಿಯಲ್ಲಿ ನನಗೆ ಗೊತ್ತಿದ್ದದ್ದು ನಾಲ್ವರ ಹೆಸರು. ಬೆಳಿಗ್ಗೆ ಕಸ ಒಯ್ಯುವ ಇಬ್ಬರು ಹೆಂಗಸರನ್ನು ಇಷ್ಟು ವರ್ಷ ‘ಅಮ್ಮಾ’ ಎಂದೇ ಕರೆದಿದ್ದೇನೆ, ಅವರಲ್ಲಿ ಒಬ್ಬರು ನನಗಿಂತ ಹತ್ತು ವರ್ಷ ಚಿಕ್ಕವರು. ಇನ್ನು ಸಮಿತಿಯಲ್ಲಿ ಹೆಸರುಗಳ ಕ್ರಮದ ಬಗ್ಗೆ ಜಗಳವಾಯಿತು, ಕೊನೆಗೆ ಅಕಾರಾದಿಯಾಗಿ ಎಂದು ತೀರ್ಮಾನವಾಯಿತು. ಬೋರ್ಡ್ ಬರೆಯುವವರು ಬಂದು ಅಳತೆ ಹಿಡಿದು, ಹನ್ನೊಂದು ಹೆಸರಿಗೂ ಮೇಲಿನ ಸಾಲಿಗೂ ಸೇರಿ ಜಾಗ ಸಾಲದು, ಮೇಲಿನದನ್ನು ಅಳಿಸಲೇ ಎಂದು ಕೇಳಿದರು. ಅಳಿಸಿ ಎಂದೆ.


ನಿವೃತ್ತ ಮೇಷ್ಟ್ರು, ಹನುಮಂತನಗರ
ಸೋಮವಾರ, ರಾತ್ರಿ 9:05

ಹೆಸರುಗಳ ಕಾಗುಣಿತವನ್ನು ಅವರವರಿಗೇ ತೋರಿಸಿ ಖಚಿತಪಡಿಸಿಕೊಳ್ಳಿ. ಹಾಜರಿ ಪುಸ್ತಕದಲ್ಲಿರುವುದನ್ನು ನಂಬಬೇಡಿ; ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದವನು ಹೇಳುತ್ತಿದ್ದೇನೆ.


ಕಂಡಕ್ಟರ್ ಮಗಳು, ಯಶವಂತಪುರ
ಸೋಮವಾರ, ರಾತ್ರಿ 9:20

ಹೆಸರಿನ ಜೊತೆಗೆ ಇನಿಷಿಯಲ್ ಹಾಕಿಸುತ್ತೀರೋ, ಊರಿನ ಹೆಸರು ಹಾಕಿಸುತ್ತೀರೋ? ನಮ್ಮಪ್ಪನ ಎದೆಯ ಮೇಲಿದ್ದ ಬಿಲ್ಲೆಯಲ್ಲಿ ನಂಬರ್ ಮಾತ್ರ ಇತ್ತು, ಅದಕ್ಕೆ ಕೇಳಿದೆ.


ಉತ್ತರಹಳ್ಳಿ ನಿವಾಸಿ
ಸೋಮವಾರ, ರಾತ್ರಿ 9:32

ಊರು. ಅವರೇ ಹೇಳಿದ್ದು. ಒಬ್ಬರು ಮಾತ್ರ ಮಗಳ ಹೆಸರನ್ನೂ ಸೇರಿಸಲು ಆಗುತ್ತದೆಯೇ ಎಂದು ಕೇಳಿದ್ದಾರೆ. ಬೋರ್ಡ್ ಬರೆಯುವವರು ನಾಳೆ ಬೆಳಿಗ್ಗೆ ಬಂದಾಗ ಜಾಗ ನೋಡಬೇಕು.